ಕಾದಾಗ ಮಾತ್ರ ಸೋರುವ ಪೈಪು

ಮೂರನೆಯ ಸಲವೂ ನೀಲಾಂಬಿಕೆ ಅರ್ಧ ದಾರಿಯಿಂದ ಹಿಂದಿರುಗಿ ಬಂದಳು.

ಮಲಪ್ರಭೆಯ ದಂಡೆಯ ಆ ಸಣ್ಣ ಆಶ್ರಮದಲ್ಲಿ ಹದಿನೆಂಟು ವರ್ಷಗಳಿಂದ ಇದ್ದವಳು ಅವಳು. ಭಕ್ತರೊಬ್ಬರು ಕೊಟ್ಟುಹೋದ ಹಳೆಯ ಕಾರನ್ನು ಓಡಿಸುವವಳೂ ಅವಳೇ.

ಗುರುಗಳು ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹೆಸರು ಚನ್ನಮಲ್ಲಯ್ಯ, ಎಲ್ಲರ ಬಾಯಲ್ಲಿ ಅಜ್ಜಾರು. ದೀಕ್ಷೆಗೆ ಮೊದಲು ಇಪ್ಪತ್ತು ವರ್ಷ ಲಾರಿ ಓಡಿಸಿದವರು.

“ಯಾಕವ್ವಾ, ಮತ್ತ ಹೊಳ್ಳಿ ಬಂದಿ?”

“ಗಾಡಿ ಕಾದು ಬಿಡ್ತರಿ ಅಜ್ಜಾರ. ಲೋಕಾಪುರ ದಾಟಿದ್ನಿ, ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋತು. ನೀರು ಹಾಕಿ ಹೊಳ್ಳಿಸಿಕೊಂಡು ಬಂದ್ನಿ.”

“ನೀರು ಹಾಕಿದ ಮ್ಯಾಲ ಓಡ್ತು?”

“ಓಡ್ತರಿ.”

“ಹಿಂದಕ್ಕ ಓಡಿದ್ದು ಮುಂದಕ್ಕ ಓಡತಿದ್ದಿಲ್ಲೇನು?”

ನೀಲಾಂಬಿಕೆ ಗಾಡಿಯ ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಲೋಕಾಪುರದಾಚೆ ಬಾಗಲಕೋಟೆಯಲ್ಲಿ ಅವಳ ಮಗಳಿದ್ದಳು. ಗಂಡ ತೀರಿಕೊಂಡ ವರ್ಷ ನೀಲಾಂಬಿಕೆಗೆ ಬದುಕೇ ಕತ್ತಲಾಗಿತ್ತು. ಐದು ವರ್ಷದ ಪಲ್ಲವಿಯನ್ನು ನಾದಿನಿಯ ಮನೆಯಲ್ಲಿ ಬಿಟ್ಟು, “ಎಂಟು ದಿನದಾಗ ಬರ್ತೀನಿ” ಎಂದು ಹೇಳಿ ಇಲ್ಲಿಗೆ ಬಂದವಳು, ಮತ್ತೆ ಹೋಗಲೇ ಇಲ್ಲ.

ಎಂಟು ತಿಂಗಳ ಹಿಂದೆ ಯಾರೋ ಬಂದು ಹೇಳಿದರು: ಪಲ್ಲವಿ ಈಗ ಶಾಲೆಯಲ್ಲಿ ಟೀಚರು, ನೀಲಿ ಗೇಟಿನ ಮನೆಯಲ್ಲಿ ಬಾಡಿಗೆಗೆ ಇದ್ದಾಳೆ.

ಅಂದಿನಿಂದ ಜಪಕ್ಕೆ ಕೂತರೆ ಕಿವಿಯಲ್ಲಿ ಮಗುವಿನ ಕಾಲ್ಗೆಜ್ಜೆಯ ಸದ್ದು. ಸಂತೆಯಲ್ಲಿ ಎತ್ತರದ ಹುಡುಗಿಯರನ್ನು ಕಂಡರೆ, ಇಷ್ಟೇ ಎತ್ತರ ಇರಬಹುದೇ ಎಂದು ನಿಂತು ನೋಡುವಳು. ಒಂದು ದಿನ ಹಸಿರು ಬಳೆ ಕೊಳ್ಳಲು ಹೋದಳು. ಬಳೆಗಾರ ಅಳತೆ ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಬರಿಗೈಯಲ್ಲಿ ಬಂದಳು.

“ನಾಳೆ ಮುಂಜಾನೆ ಗಾಡಿ ನೋಡೋಣು,” ಎಂದರು ಅಜ್ಜಾರು.

ಬೆಳಿಗ್ಗೆ ಅವಳು ಎಂದಿನಂತೆ ಗಾಡಿಗೆ ಹಾಕುವ ನೀರಿನ ಕೊಡ ಹಿಡಿದು ಬಂದಳು.

“ದಿನಾ ಇಷ್ಟ ಹಾಕತೀಯೇನು?”

“ಹೌದರಿ. ದಿನಾ ಇಳೀತೈತಿ.”

“ಹಾಕಿದ್ದು ಎಲ್ಲಿಗೆ ಹೋಗತೈತಿ?”

“ಗೊತ್ತಿಲ್ಲರಿ. ನೆಲ ಎಂದೂ ಹಸಿಯಾಗಿದ್ದು ಕಂಡಿಲ್ಲ.”

ಅಜ್ಜಾರು ನೀರಿಗೆ, ಇಂಜಿನ್ ತಂಪಾಗಿಡುವ ಹಸಿರು ಕೂಲೆಂಟ್ ಬೆರೆಸಿ ರೇಡಿಯೇಟರಿನ ಕಂಠದವರೆಗೆ ತುಂಬಿಸಿದರು. ತಮ್ಮ ಹೆಗಲ ಮೇಲಿನ ಬಿಳಿ ಪಂಚೆಯನ್ನು ಇಂಜಿನ್ನಿನ ಕೆಳಗೆ ಹಾಸಿದರು.

“ನೋಡತಾ ಕೂಡು.”

ಅವಳು ಬಹಳ ಹೊತ್ತು ಕೂತಳು. ಪಂಚೆ ಒಣಗಿಯೇ ಇತ್ತು.

“ಸೋರವಲ್ದರಿ.”

“ತಣ್ಣಗ ಐತಲ್ಲ. ತಣ್ಣಗಿದ್ದಾಗ ಯಾವುದೂ ಸೋರೂದಿಲ್ಲ. ಶುರು ಮಾಡು.”

ಇಂಜಿನ್ ಗುರುಗುಟ್ಟಿತು. ಮುಳ್ಳು ನಿಧಾನವಾಗಿ ನಡುವಿಗೆ ಏರಿತು. ಬಾನೆಟ್ಟಿನ ಒಳಗಿಂದ ಝಳ ಮುಖಕ್ಕೆ ಬಡಿಯಿತು. ನೀಲಾಂಬಿಕೆ ಹಿಂದೆ ಸರಿದಳು.

“ಮುಖ ಸುಡತೈತರಿ.”

“ಸುಡಲಿ. ಸರೀಬ್ಯಾಡ.”

ಬೆಲ್ಲದ ಪಾಕದಂಥ ಸಿಹಿ ವಾಸನೆ ಬಂತು. ಟಪ್ ಎಂದು ಪಂಚೆಯ ಮೇಲೆ ಒಂದು ಹಸಿರು ಹನಿ ಬಿತ್ತು.

“ಇಲ್ಲೇ ಅಜ್ಜಾರ! ಇಲ್ಲೇ ಸೋರತೈತಿ!”

“ಬಿದ್ದ ಜಾಗ ತೋರಿಸಬ್ಯಾಡ. ಹೊಂಟ ಜಾಗ ತೋರಿಸು.”

ಅವಳು ಬಗ್ಗಿ, ಹನಿ ಬಂದ ದಾರಿ ಹಿಡಿದು ಮೇಲಕ್ಕೆ ನೋಡಿದಳು. ಲೋಹದ ಮೇಲೆ ಒಣಗಿದ ಕಲೆಯ ಒಂದು ಗೆರೆ ಇತ್ತು, ಎಷ್ಟೋ ತಿಂಗಳಿಂದ ಹರಿದು ಹರಿದು ಬೆಳ್ಳಗೆ ಗಟ್ಟಿಕಟ್ಟಿದ್ದು. ಅದು ಹಿಂಬದಿಗೆ ಹೋಗಿ ಕಣ್ಣಿಗೆ ಮರೆಯಾಗಿತ್ತು. ಅಜ್ಜಾರು ಕ್ಷೌರದ ಕನ್ನಡಿ ಕೊಟ್ಟರು. ಅದನ್ನು ಓರೆಯಾಗಿ ಹಿಡಿದಾಗ ಕಂಡಿತು. ದಪ್ಪ ರಬ್ಬರ್ ಪೈಪು, ಅದನ್ನು ಬಿಗಿದ ಕ್ಲಿಪ್ಪು, ಕ್ಲಿಪ್ಪಿನ ಅಂಚಿನಲ್ಲಿ ಉಗುರು ಗೀರಿದಷ್ಟು ಒಂದು ಬಿರುಕು. ಅಲ್ಲಿಂದ ಹನಿ ಹುಟ್ಟುತ್ತಿತ್ತು. ಹೆಚ್ಚಿನವು ಕಾದ ಲೋಹದ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತಿದ್ದವು.

ಇಂಜಿನ್ ಆರಿಸಿದಳು. ಆತುರದಲ್ಲಿ ಅವಳ ಕೈ ರೇಡಿಯೇಟರಿನ ಮುಚ್ಚಳಕ್ಕೆ ಹೋಯಿತು. ಅಜ್ಜಾರು ಗಪ್ಪನೆ ಮಣಿಕಟ್ಟು ಹಿಡಿದರು.

“ಕುದಿಯೋ ಹೊತ್ತಿನಾಗ ತೆಗೀಬಾರದು. ಆರಲಿ.”

ಇಬ್ಬರೂ ಬೇವಿನ ನೆರಳಿನಲ್ಲಿ ಕೂತರು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವಳು ಕನ್ನಡಿ ಹಿಡಿದು ಮತ್ತೆ ನೋಡಿದಳು. ಬಿರುಕು ಬಾಯಿ ಮುಚ್ಚಿಕೊಂಡಿತ್ತು. ಗೊತ್ತಿಲ್ಲದವರಿಗೆ ಅದು ಗಟ್ಟಿ ಪೈಪೇ.

“ಎಂಟು ತಿಂಗಳು ನೀರು ಹಾಕಿದ್ನಿ,” ಎಂದಳು ಮೆಲ್ಲಗೆ. “ಒಂದು ದಿನಾನೂ ಬಗ್ಗಿ ನೋಡಲಿಲ್ಲ.”

“ಯಾಕ?”

“ಸರಿ ಆದ್ರ ಹೋಗಬೇಕಾಗತಿತ್ತು.”

ಅಜ್ಜಾರು ಸ್ಕ್ರೂಡ್ರೈವರನ್ನು ಅವಳ ಕೈಗಿಟ್ಟರು.

ಅವಳೇ ಕ್ಲಿಪ್ಪು ಸಡಿಲಿಸಿ, ಉಳಿದ ಕೂಲೆಂಟನ್ನು ಬೋಗುಣಿಗೆ ಇಳಿಸಿ, ಹಳೆಯ ಪೈಪು ಕಿತ್ತಳು. ಪೈಪು ಕೂರುವ ಕಂಠದಲ್ಲಿ ತುಕ್ಕು ಕಟ್ಟಿತ್ತು.

“ಇದರ ಮ್ಯಾಲ ಹೊಸದು ಹಾಕಿದ್ರ ಅದೂ ಸೋರತೈತಿ. ತಿಕ್ಕು,” ಎಂದರು ಅಜ್ಜಾರು.

ಉಪ್ಪುಕಾಗದದಿಂದ ಲೋಹ ಹೊಳೆಯುವ ತನಕ ತಿಕ್ಕಿದಳು. ಊರಿಂದ ತರಿಸಿದ ಹೊಸ ಪೈಪು ತೊಡಿಸಿ ಬಿಗಿದಳು. ಮುಚ್ಚಳ ತೆರೆದಿಟ್ಟೇ ಕೂಲೆಂಟ್ ತುಂಬಿಸಿ ಇಂಜಿನ್ ಶುರು ಮಾಡಿದಳು. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಗುಳುಗುಳು ಎಂದು ಹೊರಬಂತು, ಮಟ್ಟ ಇಳಿಯಿತು, ಮತ್ತೆ ತುಂಬಿಸಿದಳು. ಗುಳ್ಳೆ ನಿಂತ ಮೇಲೆ ಮುಚ್ಚಳ ತಿರುಗಿಸಿದಳು.

ಗಾಡಿ ಕಾಯಿತು. ಪೈಪು ಒಣಗಿಯೇ ಇತ್ತು.

ಮರುದಿನ ಬೆಳಿಗ್ಗೆ ಏನೂ ಬಾಯಿಗೆ ಹಾಕಿಕೊಳ್ಳದೆ ಹೊರಟಳು. ಲೋಕಾಪುರ ಬಂತು, ಹಿಂದೆ ಸರಿಯಿತು. ಮುಳ್ಳು ನಡುವಿನಲ್ಲೇ ಇತ್ತು. ನೀಲಾಂಬಿಕೆ ಮತ್ತೆ ಮತ್ತೆ ಅದರ ಕಡೆ ನೋಡಿದಳು. ಅದು ಏರಲಿಲ್ಲ.

ನೀಲಿ ಗೇಟಿನ ಮನೆಯ ಬಾಗಿಲು ತೆರೆದವಳು ತಾಯಿಗಿಂತ ಗೇಣುದ್ದ ಎತ್ತರ ಇದ್ದಳು.

“ಯಾರು ಬೇಕಾಗಿತ್ತರಿ?”

“ಪಲ್ಲವಿ... ನಾನು ನೀಲಾಂಬಿಕೆ.” ಅವ್ವ ಎನ್ನಲು ನಾಲಿಗೆ ಏಳಲಿಲ್ಲ.

ಪಲ್ಲವಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಎಂಟು ದಿನದಾಗ ಬರ್ತೀನಿ ಅಂದಿದ್ದಿ.”

“ಹೌದು.”

“ಯಾಕ ಬರಲಿಲ್ಲ?”

ಹೇಳಬಹುದಾದ ಕಾರಣಗಳು ಸಾಲಾಗಿ ಬಾಯಿಗೆ ಬಂದವು. ಅವೆಲ್ಲವನ್ನೂ ನುಂಗಿಕೊಂಡಳು.

“ಮೊದಲಿಗೆ ದುಃಖ ಇತ್ತು. ಆಮ್ಯಾಲ ನಿನಗ ಮುಖ ತೋರಿಸಾಕ ಅಂಜಿದ್ನಿ.”

ಪಲ್ಲವಿ ಅಳಲಿಲ್ಲ. ಒಳಗೆ ಬಾ ಎನ್ನಲಿಲ್ಲ. ಬಾಗಿಲನ್ನೂ ಹಾಕಲಿಲ್ಲ. ಅಂಗಳದ ಆಚೆ ಎಲ್ಲೋ ನೋಡುತ್ತ ನಿಂತು, ಕೊನೆಗೆ ಕೇಳಿದಳು:

“ಊಟ ಆತೇನು?”

“ಆತು,” ಎಂದಳು ನೀಲಾಂಬಿಕೆ. ಕೈಮುಗಿದು ಗೇಟು ದಾಟಿದಳು.

ಅವಳು ಮರಳಿದಾಗ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು ಪಾತ್ರೆ ತಿಕ್ಕುತ್ತಿದ್ದರು.

“ಗಾಡಿ ಕಾಯ್ತೇನು?”

“ಇಲ್ಲರಿ. ಒಂದು ಹನಿ ಇಳಿದಿಲ್ಲ.”

“ಮಗಳು?”

ನಡೆದದ್ದೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಮೆಟ್ಟಿಲ ಮೇಲೆ ಕುಸಿದು ಕೂತಳು.

“ಹದಿನೆಂಟು ವರ್ಷ ಹೆಂಗೋ ತಡಕೊಂಡಿದ್ನಿ ಅಜ್ಜಾರ. ಇವತ್ತ ಮುಖ ನೋಡಿ ಬಂದೀನಿ, ಇನ್ನ ತಡಕೊಳ್ಳಾಕ ಆಗವಲ್ದು. ಆಕಿ ಒಳಗ ಸುದ್ದಾ ಕರೀಲಿಲ್ಲ.”

ಅಜ್ಜಾರು ಪಾತ್ರೆಯನ್ನು ನೀರಿನಲ್ಲಿ ಅದ್ದಿ ತೆಗೆದರು.

“ಮುಂಜಾನಿಂದ ಏನ ತಿಂದಿ?”

“ಏನಿಲ್ಲರಿ.”

“ಆಕಿ ಕೇಳಿದಾಗ ಏನಂದಿ?”

“ಊಟ ಆತು ಅಂದ್ನಿ.”

ಅಜ್ಜಾರು ಪಾತ್ರೆಯನ್ನು ಕಲ್ಲಿನ ಮೇಲೆ ಬೋರಲು ಹಾಕಿದರು.

“ನಾಳೆ ಮತ್ತ ಹೋಗು,” ಎಂದರು. “ಆಗಿಲ್ಲ ಅಂತ ಹೇಳು.”