ಕಡೆಗೆ ಮುಳುಗಬೇಕಾದ ದೋಣಿ

"ಗುರುಗಳೇ, ಈ ಸಲವೂ ನಾನು ಕೆಳಗೆ ಹೋಗಿ ಅವರನ್ನು ಕರೆಯಲೇಬೇಕೇ?" ಎಂದು ಶಿಷ್ಯ ಕೇಳಿದ.

ಮಠ ಗುಡ್ಡದ ಮೇಲಿತ್ತು. ಕೆಳಗೆ ಕಡಲು, ಕಡಲಿನ ಅಂಚಿಗೆ ಮೀನುಗಾರರ ಕೇರಿ. ಬಂದರಿನ ಕಂಬಕ್ಕೆ ಕಪ್ಪು ಬುಟ್ಟಿ ಏರಿತೆಂದರೆ ಚಂಡಮಾರುತ ಬರುತ್ತಿದೆ ಎಂದು ಅರ್ಥ. ಆಗ ಕೇರಿಗೆ ಇಳಿದು, ಮನೆಮನೆಯ ಬಾಗಿಲು ತಟ್ಟಿ, ಜನರನ್ನು ಮಠಕ್ಕೆ ಕರೆತರುವುದು ಶಿಷ್ಯನ ಕೆಲಸ. ಆ ವರ್ಷ ಬುಟ್ಟಿ ಮೂರು ಸಲ ಏರಿತ್ತು. ಮೂರು ಸಲವೂ ಗಾಳಿ ಬೇರೆ ಕಡೆಗೆ ತಿರುಗಿಕೊಂಡಿತ್ತು. ಆ ಬೆಳಿಗ್ಗೆ ನಾಲ್ಕನೆಯ ಸಲ ಏರಿತ್ತು.

"ಯಾರೂ ಬರುವುದಿಲ್ಲ ಗುರುಗಳೇ. ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಗಿದೆ. ನನ್ನನ್ನು ಕಂಡರೆ 'ಬುಟ್ಟಿ ಸ್ವಾಮಿ ಬಂದರು' ಎಂದು ನಗುತ್ತಾರೆ. ನನಗೆ ಸಾಕಾಗಿದೆ."

"ಸಾಕಾಗುತ್ತದೆ. ನನಗೂ ಎಷ್ಟೋ ಸಲ ಸಾಕಾಗಿದೆ" ಎಂದರು ಗುರುಗಳು. "ಕೂತುಕೋ. ಒಬ್ಬ ಅಂಬಿಗನಿದ್ದ. ಅವನಿಗೂ ಸಾಕಾಗಿತ್ತು."

ಹೊಳೆ ಕಡಲನ್ನು ಸೇರುವಲ್ಲಿ ಒಂದು ದ್ವೀಪ. ಅದರಲ್ಲಿ ನಲವತ್ತು ಮನೆ. ಅಲ್ಲಿನವರಿಗೆ ಒಂದು ಪದ್ಧತಿಯಿತ್ತು. ಬಿರುಗಾಳಿ ಬರುತ್ತದೆ ಎಂದು ಗೊತ್ತಾದರೆ ತಮ್ಮ ದೋಣಿಗಳನ್ನು ತಾವೇ ಮುಳುಗಿಸುತ್ತಿದ್ದರು. ದಡದಲ್ಲಿ ಬಿಟ್ಟ ದೋಣಿಯನ್ನು ಗಾಳಿ ಎತ್ತಿ ಒಗೆದು ಚೂರು ಮಾಡುತ್ತದೆ. ಅದಕ್ಕೇ ಅವರು ದೋಣಿಗಳನ್ನು ಹಿನ್ನೀರಿಗೆ ಒಯ್ದು, ಕಲ್ಲು ತುಂಬಿ, ತಳ ಮುಟ್ಟಿಸುತ್ತಿದ್ದರು. ನೀರಿನ ತಳಕ್ಕೆ ಗಾಳಿಯ ಕೈ ಎಟುಕುವುದಿಲ್ಲ. ಗಾಳಿ ಹೋದ ಮೇಲೆ ಮುಳುಗು ಹಾಕಿ ಒಂದೊಂದೇ ಕಲ್ಲು ತೆಗೆದರೆ ದೋಣಿ ಮೇಲಕ್ಕೆ ಬರುತ್ತಿತ್ತು. ಒಂದು ದೋಣಿ ಎತ್ತಲು ಅರ್ಧ ದಿನ ಬೇಕು.

ಜನರನ್ನು ದಾಟಿಸುವ ದೋಣಿಗೆ ಮಾತ್ರ ಬೇರೆ ನೇಮ. ಅದು ಎಲ್ಲಕ್ಕಿಂತ ಕಡೆಗೆ ಮುಳುಗಬೇಕು. ದ್ವೀಪದ ಕೊನೆಯ ಜೀವವನ್ನು ಆಚೆ ದಡ ಮುಟ್ಟಿಸಿ, ಆಚೆ ದಡದಲ್ಲೇ ಅದಕ್ಕೆ ಕಲ್ಲು ತುಂಬಬೇಕು. ಅಂಬಿಗನ ಅಜ್ಜ ಹಾಗೆ ಮಾಡಿದ್ದ, ಅಪ್ಪನೂ ಹಾಗೆಯೇ ಮಾಡಿದ್ದ.

ಒಂದು ವರ್ಷ ಬುಟ್ಟಿ ಏರಿತು. ಅಂಬಿಗ ನಲವತ್ತು ಮನೆಯವರನ್ನೂ ದಾಟಿಸಿದ. ಜನ ಎರಡು ದಿನ ಕಂಡವರ ಜಗಲಿಯಲ್ಲಿ ಮಲಗಿದರು. ಗಾಳಿ ಬರಲಿಲ್ಲ. ಅಂಬಿಗ ಎಲ್ಲರನ್ನೂ ತಿರುಗಿ ಕರೆತಂದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ದಾಟದಿದ್ದರೂ ಆಗುತ್ತಿತ್ತು ಎಂದು ತಿಳಿದ ಮೇಲಂತೂ ಕೇಳುವುದೇ ಬೇಡ. ಒಬ್ಬನ ಒಣಮೀನು ನೆನೆದು ಹಾಳಾಗಿತ್ತು, ಇನ್ನೊಬ್ಬನ ಆಡು ತಪ್ಪಿಸಿಕೊಂಡಿತ್ತು. ಇಬ್ಬರೂ ಅಂಬಿಗನನ್ನೇ ಬೈದರು.

ಎರಡನೆಯ ಸಲ ಅರ್ಧ ಜನ ಬಂದರು. ಆಗಲೂ ಗಾಳಿ ಬರಲಿಲ್ಲ.

ಮೂರನೆಯ ಸಲ ಬಂದವರು ಇಬ್ಬರೇ. ಕತ್ತದ ಹಗ್ಗ ಹೊಸೆಯುವ ಒಬ್ಬ ಮುದುಕಿ, ಅವಳ ಕುರುಡು ತಂಗಿ. ದ್ವೀಪದ ತುದಿಯಲ್ಲಿ ಅವರ ಗುಡಿಸಲು. ಹಿಂದಿನ ಎರಡು ಸಲವೂ ದೋಣಿಗೆ ಮೊದಲು ಹತ್ತಿದವರು ಅವರೇ. ಅಕ್ಕನ ಕಂಕುಳಲ್ಲಿ ಕೋಳಿಬುಟ್ಟಿ, ತಂಗಿಯ ಕೈಯಲ್ಲಿ ಅಕ್ಕನ ಸೆರಗು. ಆ ಇಬ್ಬರಿಗಾಗಿ ಅಂಬಿಗ ಎದುರುಗಾಳಿಯಲ್ಲಿ ಹುಟ್ಟು ಹಾಕಿದ. ಭುಜ ಉಳುಕಿತು. ಎಂಟು ದಿನ ಎಣ್ಣೆ ತಿಕ್ಕಿದ. ಬಿರುಗಾಳಿ ಮಾತ್ರ ಬರಲಿಲ್ಲ.

ಆಮೇಲೆ ಬುಟ್ಟಿ ನಾಲ್ಕನೆಯ ಸಲ ಏರಿತು. ಅಂಬಿಗ ಕೇರಿಯ ನಡುವೆ ನಿಂತು ಕೂಗಿದ. ಗಂಜಿ ಉಣ್ಣುತ್ತಿದ್ದ ಒಬ್ಬ ಕೂತಲ್ಲಿಂದಲೇ ಹೇಳಿದ:

"ಹೋಗಿ ಬರುದ್ರಲ್ಲೇ ಸಾಕಾಯ್ತು ಮಾರಾಯ. ನಿನ್ನ ದೋಣಿಯನ್ನೂ ಈಗಲೇ ತಾ. ಎಲ್ಲರೂ ಸೇರಿ ಕಲ್ಲು ತುಂಬಿ ಬಿಡುವ."

ಅಂಬಿಗನಿಗೆ ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ದಣಿವು ದೊಡ್ಡದಾಗಿತ್ತು. ದ್ವೀಪದ ತುದಿಯವರೆಗೆ ಮರಳಿನಲ್ಲಿ ಕಾಲೆಳೆಯಬೇಕು. ಅವನು ಹೋಗಲಿಲ್ಲ. ಇಷ್ಟು ಜನ ಬರುವುದಿಲ್ಲ ಎಂದ ಮೇಲೆ ಯಾರೂ ಬರುವುದಿಲ್ಲ ಎಂದೇ ಲೆಕ್ಕ ಎಂದುಕೊಂಡ. ನೆರೆಯವರು ಕೈ ಕೊಟ್ಟರು. ದಾಟಿಸುವ ದೋಣಿ ಉಳಿದ ದೋಣಿಗಳ ಜೊತೆಯಲ್ಲೇ ಮುಳುಗಿತು, ಈಚೆ ದಡದಲ್ಲಿ. ಅಂಬಿಗ ಮನೆಗೆ ಹೋಗಿ ಉಂಡು ಮಲಗಿದ. ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಯಾರೋ ಕರೆದಂತಾಗಿ ಎದ್ದು ಹೊರಗೆ ಬಂದ. ಕಡವಿನ ಕಟ್ಟೆಯ ಮೇಲೆ ಅಕ್ಕ ತಂಗಿಯರು ನಿಂತಿದ್ದರು. ಅಕ್ಕನ ಕಂಕುಳಲ್ಲಿ ಕೋಳಿಬುಟ್ಟಿಯಿತ್ತು.

"ದೋಣಿ ಎಲ್ಲಿ?"

"ಮುಳುಗಿಸಿದೆವು."

ಮುದುಕಿ ನೀರನ್ನು ನೋಡಿದಳು. "ನಾವು ಬರ್ತೇವೆ ಅಂತ ನಿಂಗೆ ಗೊತ್ತಿತ್ತಲ್ಲ ಮಗಾ" ಎಂದಳು. ಅವಳೇ ಮತ್ತೆ, "ಹೋಗ್ಲಿ ಬಿಡು. ನೀನಾದ್ರೂ ಎಷ್ಟು ಸಲ ಅಂತ ದಾಟಿಸ್ತಿ" ಎಂದು ತಂಗಿಯ ತಲೆಗೆ ತನ್ನ ಸೆರಗು ಹೊದಿಸಿದಳು.

ಅವಳು ಬೈದಿದ್ದರೆ ಅಂಬಿಗ ತಾಳಿಕೊಳ್ಳುತ್ತಿದ್ದ. ಅವನು ಹಿನ್ನೀರಿಗೆ ಹಾರಿದ. ಮುಳುಗು ಹಾಕಿ ಒಂದು ಕಲ್ಲು ತಂದ, ಇನ್ನೊಂದು ತಂದ. ಹತ್ತನೆಯ ಕಲ್ಲಿಗೆ ಗಾಳಿ ಶುರುವಾಯಿತು. ಇಪ್ಪತ್ತನೆಯ ಕಲ್ಲಿಗೆ ಇಡೀ ಕೇರಿ ಕಟ್ಟೆಗೆ ಓಡಿ ಬಂತು. ಗಂಜಿ ಉಣ್ಣುತ್ತಿದ್ದವನೂ ಮಗುವನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಎಲ್ಲರೂ ದೋಣಿ, ದೋಣಿ ಎಂದು ಕೂಗಿದರು. ದ್ವೀಪದ ದೋಣಿಗಳೆಲ್ಲ ಕಾಲ ಕೆಳಗೇ ಇದ್ದವು. ಗಂಡಸರೆಲ್ಲ ನೀರಿಗೆ ಬಿದ್ದು ಕಲ್ಲು ಎತ್ತತೊಡಗಿದರು. ಇನ್ನೂ ಅರ್ಧ ಕಲ್ಲು ಉಳಿದಿರುವಾಗ ಕಡಲು ಮರಳದಿಣ್ಣೆ ಹಾಯ್ದು ಒಳಗೆ ಬಂತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿ ಮೊಣಕಾಲು ನೀವಿಕೊಂಡರು.

"ಆಮೇಲೆ?" ಎಂದ ಶಿಷ್ಯ.

"ಗಾಳಿ ಸಂಜೆಯವರೆಗೆ ಹೊಡೆಯಿತು. ತೆಂಗಿನ ಮರ ಹತ್ತಿದವರು ಉಳಿದರು. ಅಂಬಿಗ ಉಳಿದ. ಆ ಅಕ್ಕ ತಂಗಿಯರಿಗೆ ಮರ ಹತ್ತಲು ಬರುತ್ತಿರಲಿಲ್ಲ."

ಶಿಷ್ಯ ತಲೆ ತಗ್ಗಿಸಿದ. ಕೆಳಗೆ ಬಂದರಿನ ಕಂಬದ ಮೇಲೆ ಬುಟ್ಟಿ ಹಾಗೆಯೇ ಇತ್ತು. ಬೇರೆ ಏನು ಕೇಳುವುದೆಂದು ತೋಚದೆ, "ಆ ದೋಣಿ ಏನಾಯಿತು ಗುರುಗಳೇ?" ಎಂದ.

"ದೋಣಿಗೇನೂ ಆಗಲಿಲ್ಲ ಮಗು, ಒಂದು ಹಲಗೆ ಕೂಡ ಸಡಿಲಾಗಿರಲಿಲ್ಲ" ಎಂದರು ಗುರುಗಳು.

ಶಿಷ್ಯ ಎದ್ದು ಗುಡ್ಡ ಇಳಿಯತೊಡಗಿದ.