ಬಿಳಿಗುಂಡಿಯ ಮೂರನೆಯ ಮಳೆಗಾಲ

“ಹೆಂಗಸು ಹಚ್ಚಿದ ಭಟ್ಟಿಯಲ್ಲಿ ಕಲ್ಲು ಬೇಯುವುದಿಲ್ಲ” ಎಂದು ಮೊದಲು ಹೇಳಿದವನು ಇನ್ನಾಸಮ್ಮನ ಮೈದುನ ಚೌರಪ್ಪ. ಅವನ ಬೆನ್ನಿಗೆ ಊರಗೌಡ ಹೇಳಿದ, ಜಪ ಹೇಳಿಸುವ ಉಪದೇಶಿ ಹೇಳಿದ, ಕಡೆಗೆ ಹೆತ್ತ ತಾಯಿಯೂ ಹೇಳಿದಳು. ಇದು ಕ್ರೈಸ್ತ ಗುರುಗಳು ಹಬ್ಬಹರಿದಿನಗಳಲ್ಲಿ ಮಾತ್ರ ಎತ್ತಿನ ಗಾಡಿಯಲ್ಲಿ ಈ ಸೀಮೆಗೆ ಬಂದು, ಮರದಡಿಯಲ್ಲಿ ಬಲಿಪೂಜೆ ಅರ್ಪಿಸಿ ಹೋಗುತ್ತಿದ್ದ ಪೂರ್ವಕಾಲದ ವೃತ್ತಾಂತ.

ಸುಣ್ಣ ಸುಡುವ ಗಂಡ ತೀರಿಕೊಂಡಾಗ ಇನ್ನಾಸಮ್ಮನ ಪಾಲಿಗೆ ಉಳಿದದ್ದು ಹಳ್ಳದ ದಂಡೆಯ ಬೋಳುಬಂಡೆ, ಒಂದು ಭಟ್ಟಿ ಮತ್ತು ಅವನ ಕಡೆಯ ಮಾತು: ದೇವಮಾತೆಗೆ ಗುಡಿ ಕಟ್ಟುವ ದಿನ ಬಂದರೆ ಬಲಿಪೀಠದ ಹಿಂದಿನ ಗೋಡೆಗೆ ಮೂರು ಮಳೆಗಾಲ ನೀರಿನಡಿ ಮಲಗಿದ ಸುಣ್ಣವನ್ನೇ ಬಳಿಯಬೇಕು. ಗುಡಿಯ ಮಾತು ಎದ್ದ ವರ್ಷವೇ ಅವಳು ಗುರುಗಳ ಮುಂದೆ ನಿಂತು, ಆ ಗೋಡೆ ತನ್ನದೆಂದು ಹರಕೆ ಹೊತ್ತಳು. ಹಳ್ಳದ ಸುಣ್ಣಕಲ್ಲು ಆಯ್ದು, ಒಬ್ಬಳೇ ಸುಟ್ಟು, ಬಂಡೆಯ ಗುಂಡಿಗೆ ಸುರಿದು ನೀರು ಹೊಯ್ದಳು. ಕುದ್ದು ಸಿಡಿದ ಸುಣ್ಣ ಅವಳ ಎಡಗಣ್ಣನ್ನು ತೆಗೆದುಕೊಂಡಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಸುಣ್ಣದ ಮೇಲೆ ಒಂದು ಗೇಣು ನೀರು ನಿಲ್ಲಿಸಿ, ಚಪ್ಪಡಿ ಮುಚ್ಚಿದಳು.

“ಅತ್ತಿಗೆ, ಸುಣ್ಣವೇನು ಉಪ್ಪಿನಕಾಯಿಯೇ, ಹಾಕಿಟ್ಟು ಕಾಯೋದಕ್ಕೆ?” ಎಂದು ಚೌರಪ್ಪ ನಕ್ಕ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗುಡಿಯ ಗೋಡೆಗಳೆದ್ದವು. ಕಾಯುವ ಸಹನೆಯಿಲ್ಲದ ಊರವರು ಕ್ರಿಸ್ತಜಯಂತಿಗೆಂದು ಚೌರಪ್ಪ ಸುಟ್ಟುಕೊಟ್ಟ ಬಿಸಿ ಆರದ ಸುಣ್ಣವನ್ನೇ ಬಳಿಸಿದರು. ಅರಳದೆ ಉಳಿದ ಹರಳುಗಳು ಗೋಡೆಯೊಳಗೆ ಉಬ್ಬಿ ಒಡೆದವು; ತಪಸ್ಸುಕಾಲ ತೊಡಗುವ ವಿಭೂತಿ ಬುಧವಾರದ ಪೂಜೆಯಲ್ಲಿ ಮೊರದಗಲದ ಗಾರೆ ಕಳಚಿ ಗುರುಗಳ ಪಾದದ ಬಳಿ ಬಿತ್ತು.

ಅಂದೇ ಗುರುಗಳು ಊರ ಸಮೇತ ಬಂಡೆಗೆ ಬಂದರು. “ಇನ್ನಾಸಮ್ಮ, ಪ್ರಭು ಮರಳಿ ಎದ್ದ ಪಾಸ್ಕ ಹಬ್ಬಕ್ಕೆ ಗೋಡೆಯಾಗಬೇಕು. ಗುಂಡಿ ತೆರೆ.”

ಆಗದೆಂದಿದ್ದವರೆಲ್ಲ ಈಗ ಅವಳ ಕೈ ನೋಡುತ್ತಿದ್ದರು. ಇಂಥದೊಂದು ದಿನಕ್ಕಾಗಿಯೇ ಹಲ್ಲು ಕಚ್ಚಿ ಬದುಕಿದ್ದವಳು ಚಪ್ಪಡಿಗೆ ಹೆಗಲು ಕೊಟ್ಟು ಒಂದು ಮೊಳ ಸರಿಸಿದಳು. ಎಲೆ ಅಲುಗದ ಆ ನಡುಹಗಲಿನಲ್ಲಿ ಗುಂಡಿಯ ನೀರು ಉಂಗುರ ಉಂಗುರವಾಗಿ ಕಂಪಿಸಿತು; ಅವಳೊಬ್ಬಳಿಗೇ ಪ್ರಭುವಾಣಿ ಕೇಳಿಸಿತು:

“ಎರಡು ಮಳೆ ಈ ಸುಣ್ಣಕ್ಕೆಂದು ಸುರಿಸಿದೆ. ಮೂರನೆಯದು ನಿನಗೆ.”

ಅವಳು ಚಪ್ಪಡಿಯನ್ನು ಮರಳಿ ಎಳೆದಳು. “ಈಗ ಆಗದು, ಗುರುಗಳೇ.”

“ಕಣ್ಣು ಹೋದರೂ ಕೊಬ್ಬು ಹೋಗಲಿಲ್ಲ” ಎಂದು ಗೌಡ ಉಗಿದ. ಗುರುಗಳು ಗಾಡಿ ಹತ್ತಿದರು. ಗುಡಿ ಬೋಳುಗೋಡೆಯಲ್ಲೇ ಪಾಸ್ಕ ಕಂಡಿತು.

ಆ ಮಳೆಗಾಲ ಅವಳ ಬಂಡೆಯ ಕಡೆ ಯಾರೂ ಸುಳಿಯಲಿಲ್ಲ, ಊರಿನಲ್ಲಿ ಮಾನ ಕಳೆದುಕೊಂಡ ಚೌರಪ್ಪನೊಬ್ಬನ ಹೊರತು. ಮೊದಲ ದಿನ ದೂರ ನಿಂತ. ಮರುದಿನ ಬಂದು ಭಟ್ಟಿಯ ಮರೆಯಲ್ಲಿ ಕೂತ. ಅವಳು ಹೋಗೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮಳೆ ಹೊಯ್ಯುವಾಗ ಇಬ್ಬರೂ ಜಪಸರ ಹಿಡಿಯುತ್ತಿದ್ದರು. ಪರಲೋಕ ಜಪದಲ್ಲಿ ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಪ್ರಕಾರ’ ಎಂಬ ಸಾಲು ಬಂದಾಗಲೆಲ್ಲ, ಎದುರಿಗೆ ಕೂತವನನ್ನು ಕಂಡು ಇನ್ನಾಸಮ್ಮನ ಬಾಯಿ ಕಟ್ಟುತ್ತಿತ್ತು. ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಆ ಸಾಲನ್ನು ತಡವರಿಸದೆ ದಾಟುವ ಹೊತ್ತಿಗೆ ಮಳೆಗಾಲ ಮುಗಿದಿತ್ತು.

ಪ್ರಭುವಿನ ಬರುವಿಕೆಯನ್ನು ಕಾಯುವ ಆಗಮನ ಕಾಲದ ಮೊದಲ ಸೋಮವಾರ ಗುಂಡಿ ತೆರೆದಾಗ ಸುಣ್ಣ ಬೆಣ್ಣೆಯಾಗಿತ್ತು. ಊರೆಲ್ಲ ನೆರೆದ ಗುಡಿಯಲ್ಲಿ ಅವಳು ಕರಣೆಯನ್ನು ಚೌರಪ್ಪನ ಕೈಗಿಟ್ಟಳು.

“ನನಗ್ಯಾಕೆ ಅತ್ತಿಗೆ? ಹರಕೆ ನಿನ್ನದು.”

“ನನಗಿರೋದು ಒಂದೇ ಕಣ್ಣು. ಗೋಡೆ ಸೊಟ್ಟಗಾದರೆ ನಿನ್ನ ಮೇಲೆ ಹಾಕಬಹುದು, ಬಳಿ.”

ಗೋಡೆ ಸೊಟ್ಟಗಾಗಲಿಲ್ಲ. ಗುಡಿಯ ನಾಲ್ಕೂ ಗೋಡೆಗಳಿಗೆ ತೋಡಿದರೂ ಮರುದಿನ ಗುಂಡಿಯ ಸುಣ್ಣ ಮೊದಲಿನಷ್ಟೇ ಇತ್ತು. ಅಂದಿನಿಂದ ಅದು ಬತ್ತಿದ್ದನ್ನು ಕಂಡವರಿಲ್ಲ. ಇಂದಿಗೂ ಆಗಮನ ಕಾಲದ ಮೊದಲ ಸೋಮವಾರ ಭಕ್ತಾದಿಗಳು ಬಿಳಿಗುಂಡಿಯಲ್ಲಿ ಬೆರಳದ್ದಿ, ಒಯ್ದು, ತಮ್ಮ ಮನೆಯ ಬಾಗಿಲಿಗೆ ಶಿಲುಬೆ ಬರೆಯುತ್ತಾರೆ.

ಈಗ ಇನ್ನಾಸಮ್ಮನದೆಂದು ಇರುವುದು ಬಂಡೆಯ ಮೇಲೆ ಗುಂಡಿಯ ಪಕ್ಕದ ಆರಡಿ ಸಮಾಧಿ ಮತ್ತು ಗುಡಿಯಲ್ಲಿ ಪೀಠದ ಹಿಂದಿನ ಆ ಒಂದು ಗೋಡೆ. ಅದಕ್ಕೆ ಅವಳು ತೆತ್ತದ್ದು ಎಡಗಣ್ಣು, ಮೂರು ಮಳೆಗಾಲ, ಮತ್ತು ಚೌರಪ್ಪನ ಮೇಲಿದ್ದ ಸಿಟ್ಟು. ಕಣ್ಣು ಒಂದೇ ಕ್ಷಣದಲ್ಲಿ ಹೋಯಿತು, ಸಿಟ್ಟನ್ನು ಬಿಡುವುದಕ್ಕೇ ಇಡೀ ಒಂದು ಮಳೆಗಾಲ ಹಿಡಿಯಿತೆಂದು ಅವಳೇ ಹೇಳುತ್ತಿದ್ದಳಂತೆ.