ಜಕ್ಕಯ್ಯ ಎಲ್ಡರ್ ಆದದ್ದು

ಕೋಲಾರದ ಕಡೆ ಒಬ್ಬಳು ತಾಯಿ, ಅವಳಿಗೆ ಒಬ್ಬನೇ ಮಗ. ತಾಯಿ ರೆಬೆಕ್ಕಮ್ಮ, ಮಗ ಜಕ್ಕಯ್ಯ. ಮಗ ಉದ್ದಕ್ಕೂ ಬೆಳೆದಿದ್ದ, ಅಗಲಕ್ಕೂ ಬೆಳೆದಿದ್ದ. ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ ಮಲಗಿತ್ತು. "ಹಾಲು ಉಕ್ಕುತ್ತೇನೋ ನೋಡ್ತಿರೋ" ಅಂದರೆ ನೋಡುತ್ತ ನಿಲ್ಲುವನು. ಹಾಲೆಲ್ಲ ಉಕ್ಕಿ ಒಲೆ ಆರಿದ ಮೇಲೆ ಬಂದು, "ನೋಡಿದೆ ಅಮ್ಮಾ, ಚೆನ್ನಾಗಿ ಉಕ್ತು!" ಅನ್ನುವನು.

"ಅಯ್ಯೋ ನನ್ನ ಕರ್ಮವೇ!" ಅಂತ ರೆಬೆಕ್ಕಮ್ಮ ಹಣೆ ಚಚ್ಚಿಕೊಳ್ಳುವಳು. ಮಗ ಓಡಿಹೋಗಿ ಹಣೆಗೆ ಹಚ್ಚುವ ಎಣ್ಣೆ ತರುವನು. ಅಂಥವನ ಮೇಲೆ ಎಷ್ಟು ಹೊತ್ತು ಅಂತ ಸಿಟ್ಟು ಮಾಡುವುದು?

ಇವರು ಮಾರ್ಮನ್ ಸಭೆಯವರು. ಆ ಸಭೆಯಲ್ಲಿ ಮೀಸೆ ಮೂಡುವ ವಯಸ್ಸಿನ ಹುಡುಗರು ಬಿಳಿ ಅಂಗಿ ತೊಟ್ಟು, ಟೈ ಕಟ್ಟಿ, ಹೆಸರಿನ ಕಪ್ಪು ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ಎರಡು ವರ್ಷ ಪರ ಊರಿಗೆ ಸೇವೆಗೆ ಹೋಗುತ್ತಾರೆ. ಹೋದವರಿಗೆ ಎಲ್ಡರ್ ಅಂತ ಹೆಸರು. ಅಂದರೆ ಹಿರಿಯ. ಜಕ್ಕಯ್ಯನಿಗೂ ಕರೆ ಬಂತು.

"ನೆಟ್ಟಗೆ ಕಿರಿಯನಾಗೋಕೇ ಬರಲಿಲ್ಲ, ಹಿರಿಯನಾಗ್ತೀಯೇನೋ!" ಅಂದಳು ತಾಯಿ.

"ಹದಿನೈದು ದಿನ ಇರಲಿ ನೋಡೋಣ. ಬೇಡಪ್ಪಾ ಅಂತ ಅವರೇ ಬಸ್ಸು ಹತ್ತಿಸ್ತಾರೆ" ಅಂದಳು ಎದುರುಮನೆಯ ಸಲೋಮಿ. ಬೀದಿಯೆಲ್ಲ ನಕ್ಕಿತು.

ರೆಬೆಕ್ಕಮ್ಮನಿಗೆ ಆ ನಗು ಚುಚ್ಚಿತು. ಮಗನನ್ನು ಹತ್ತಿರ ಕೂರಿಸಿಕೊಂಡಳು. "ಕಂದಾ, ಎರಡು ವರ್ಷ ಪೂರ್ತಿ ಮುಗಿಸಿ ಬಾ. ನಾನು ಈ ಬೀದೀಲಿ ತಲೆ ಎತ್ತಿ ನಡೀಬೇಕು. ನಿನ್ನ ತಲೆ ಓಡಿಸೋಕೆ ಹೋಗಬೇಡ. ಜತೆಗಾರ ಹೇಳಿದ್ದನ್ನ ಹೇಳಿದ ಹಾಗೇ ಮಾಡು!"

"ಹೂಂ ಅಮ್ಮಾ!" ಅಂದ ಜಕ್ಕಯ್ಯ.

ಅವನನ್ನು ಕಳಿಸಿದ್ದು ಗದಗಿನ ಕಡೆಯ ಒಂದು ಪೇಟೆಗೆ. ಎಲ್ಡರುಗಳು ಇಬ್ಬಿಬ್ಬರಾಗಿ ಇರಬೇಕು, ಅದು ನಿಯಮ. ಜಕ್ಕಯ್ಯನ ಜತೆಗಾರ ಎಲ್ಡರ್ ರತ್ನಪಾಲ, ಭದ್ರಾವತಿಯವನು. ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಮುಖದಲ್ಲಿ ಒಂದು ನಗುವಿಲ್ಲ. ಬಂದ ದಿನವೇ ಹೇಳಿಬಿಟ್ಟ: "ಜತೆಗಾರನನ್ನ ಕಣ್ಣಿಂದ ಮರೆಯಾಗೋಕೆ ಬಿಡಬಾರದು. ನಾನೆಲ್ಲೋ ನೀನಲ್ಲಿ!"

"ಹೂಂ ಎಲ್ಡರ್!"

ಮಾರನೆಯ ಬೆಳಗ್ಗೆ ರತ್ನಪಾಲ ತಲೆಗೆ ಸೋಪು ಹಚ್ಚಿಕೊಂಡು ಕೂತಿದ್ದಾಗ ಬಚ್ಚಲ ಬಾಗಿಲು ದಬದಬ. "ಎಲ್ಡರ್! ಕಾಣಿಸ್ತಿಲ್ಲ ಎಲ್ಡರ್!"

"ಬಚ್ಚಲು ಬಿಟ್ಟು ಕಣೋ!" ಅಂತ ಒಳಗಿಂದ ಕಿರುಚಿದ ರತ್ನಪಾಲ. ಎರಡು ವರ್ಷ ಇವನ ಜತೆಗಾ, ದೇವರೇ, ಅಂದುಕೊಂಡ.

ಅವರ ಕೋಣೆಯ ಎದುರು ಮನೆ ನೀಲವ್ವನದು. ಒಂಟಿ ಮುದುಕಿ, ಬಾಯಿ ಜೋರು, ಕೈ ಧಾರಾಳ. ಹೊಸ ಹುಡುಗ ಬಂದನೆಂದು ಕರೆದು ಚಹಾ ಕೊಟ್ಟಳು. ಈ ಸಭೆಯವರು ಚಹಾ ಕಾಫಿ ಮುಟ್ಟುವುದಿಲ್ಲ. ಮುಟ್ಟಬೇಡ ಅಂತ ರತ್ನಪಾಲ ಮೊದಲೇ ಹೇಳಿಟ್ಟಿದ್ದ. ಜಕ್ಕಯ್ಯ ಮುಟ್ಟಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, "ಮುಟ್ಟಲ್ಲ! ಮುಟ್ಟಲ್ಲ!" ಅಂತ ಗೋಡೆಯವರೆಗೆ ಹಿಂದೆ ಸರಿದ.

"ಯಾಕೋ ತಮ್ಮಾ, ನಾ ಏನ್ ಅದರಾಗ ಇಲಿ ಪಾಷಾಣ ಹಾಕೇನೇನು?" ಅಂದಳು ನೀಲವ್ವ. ಮುಖ ಇಷ್ಟು ಸಣ್ಣದಾಯಿತು.

ಮನೆಗೆ ಬಂದು ರತ್ನಪಾಲ ಬೈದ. "ಮನೆಯವರ ಮನಸ್ಸು ನೋಯಿಸ್ತಾರೇನೋ ಪೆದ್ದಾ! ಹಾಲೋ ಮಜ್ಜಿಗೆಯೋ ಕೊಡಿ ಅಜ್ಜಿ ಅನ್ನಬೇಕು. ಜನ ಏನಾದರೂ ಕೊಡ್ತೀನಿ ಅಂದರೆ ಎರಡೂ ಕೈ ಚಾಚಿ ತಗೋ! ತುಂಬಾ ಚೆನ್ನಾಗಿದೆ, ಇನ್ನೊಂದು ಸ್ವಲ್ಪ ಕೊಡಿ ಅನ್ನು!"

"ಹೂಂ ಎಲ್ಡರ್! ಇನ್ಮೇಲೆ ಹಾಗೇ ಮಾಡ್ತೀನಿ!"

ಮರುದಿನ ಇಬ್ಬರೂ ಪೇಟೆಯಲ್ಲಿ ಹೋಗುತ್ತಿದ್ದರು. ಸಿಟ್ಟಿನ ಮನುಷ್ಯನೊಬ್ಬ ಜಗುಲಿಯಿಂದ ಕೂಗಿದ: "ನಮ್ಮ ಓಣ್ಯಾಗ ನಿಮಗೇನ್ ಕೆಲಸ? ಹೋಗ್ತೀರೋ, ಚಪ್ಪಲಿ ಕೊಡ್ಲೋ?"

ಕೊಡ್ತೀನಿ ಅಂದನಲ್ಲ! ಜಕ್ಕಯ್ಯ ಎರಡೂ ಕೈ ಚಾಚಿದ. ಚಪ್ಪಲಿ ಹಾರಿ ಬಂತು. ನಾಜೂಕಾಗಿ ಹಿಡಿದ. "ತುಂಬಾ ಚೆನ್ನಾಗಿದೆ! ಇನ್ನೊಂದು ಸ್ವಲ್ಪ ಕೊಡಿ!"

ಇನ್ನೊಂದೂ ಬಂತು. ಅದು ರತ್ನಪಾಲನ ಬೆನ್ನಿಗೆ ಬಂತು.

"ಲೋ ಪೆದ್ದಾ! ಯಾರಾದರೂ ಕೂಗಾಡಿದರೆ ನಿಲ್ಲಬಾರದು ಕಣೋ! ತಲೆ ತಗ್ಗಿಸಿ, ಕ್ಷಮಿಸಿ, ನಾವು ಹೋಗ್ತೀವಿ ಅಂತ ಹೇಳಿ, ತಿರುಗಿ ನೋಡದೆ ನಡೆದುಬಿಡಬೇಕು!"

"ಹೂಂ ಎಲ್ಡರ್! ಇನ್ಮೇಲೆ ಹಾಗೇ ಮಾಡ್ತೀನಿ!"

ಅದಾದ ಮೇಲೆ ಒಂದು ಮಧ್ಯಾಹ್ನ. ರತ್ನಪಾಲ ಬಾಗಿಲಲ್ಲಿ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ಅವನ ಕಣ್ಣಳತೆಯಲ್ಲೇ ಜಕ್ಕಯ್ಯ ಬೀದಿ ನಲ್ಲಿಯಿಂದ ನೀರು ತರುತ್ತಿದ್ದ. ನೀಲವ್ವ ಮಾಳಿಗೆ ಮೇಲೆ ಸಂಡಿಗೆ ಹಾಕಿ ಮುಗಿಸಿದ್ದಳು. ಇಳಿಯೋಣ ಅಂದರೆ ಏಣಿ ಜಾರಿ ಬಿತ್ತು.

"ಏ ತಮ್ಮಾ! ಏಣಿ ಬಿತ್ತೋ! ಎತ್ತಿ ಹಚ್ಚೋ!" ಅಂತ ಕೂಗಿದಳು ಪೇಟೆಗೆಲ್ಲ ಕೇಳುವ ಹಾಗೆ.

ಕೂಗಾಡುತ್ತಿದ್ದಾಳೆ! ಜಕ್ಕಯ್ಯ ತಲೆ ತಗ್ಗಿಸಿದ. "ಕ್ಷಮಿಸಿ ಅಜ್ಜಿ, ನಾವು ಹೋಗ್ತೀವಿ!" ಅಂದ. ಕೊಡ ಅಲ್ಲೇ ಇಟ್ಟು, ತಿರುಗಿ ನೋಡದೆ ನಡೆದ. ನಡೆದ, ನಡೆದ, ಓಣಿ ದಾಟಿದ, ಸಂತೆಮಾಳ ದಾಟಿದ. ಜತೆಗಾರ ಕಣ್ಣಿಂದ ಮರೆಯಾಗುತ್ತಾನಲ್ಲ ಅಂತ ರತ್ನಪಾಲ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಹಿಂದೆ ಓಡಿದ. ಅಟ್ಟಿಸಿಕೊಂಡು ಹೋಗಿ ಹಿಡಿದು ತರುವ ಹೊತ್ತಿಗೆ ನೀಲವ್ವನೂ ಸಂಡಿಗೆಯೂ ಒಟ್ಟಿಗೆ ಒಣಗಿದ್ದವು.

ಮುದುಕಿಯ ಬೈಗುಳ ಊರು ದಾಟಿ, ಎಲ್ಡರುಗಳನ್ನೆಲ್ಲ ನೋಡಿಕೊಳ್ಳುವ ಮಿಷನ್ ಅಧ್ಯಕ್ಷರ ಕಿವಿಗೆ ಬಿತ್ತು. ಅವರು ರತ್ನಪಾಲನಿಗೆ ಫೋನ್ ಮಾಡಿದರು. "ಭಾನುವಾರ ದೀಕ್ಷಾಸ್ನಾನಕ್ಕೆ ನಾನೇ ಬರ್ತೀನಿ. ಇನ್ನೊಂದು ಎಡವಟ್ಟು ಆದರೆ ಆ ಹುಡುಗನನ್ನ ಅವತ್ತೇ ಮನೆಗೆ ಕಳಿಸೋಣ."

ಸದ್ಯ, ಬದುಕಿದೆ, ಅಂದುಕೊಂಡ ರತ್ನಪಾಲ. ತಿರುಗಿ ನೋಡಿದರೆ ಜಕ್ಕಯ್ಯ ಫೋನಿನ ದನಿಯೆಲ್ಲ ಕೇಳಿಸಿಕೊಂಡು ಬಾಗಿಲಲ್ಲೇ ನಿಂತಿದ್ದಾನೆ. ಕಣ್ಣಲ್ಲಿ ನೀರು.

"ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡಿದೆ ಎಲ್ಡರ್. ಎಲ್ಲಿ ತಪ್ಪಿದೆ? ಈಗಲೇ ಹೋದರೆ ನಮ್ಮಮ್ಮ ಬೀದೀಲಿ ತಲೆ ತಗ್ಗಿಸಬೇಕು."

ರತ್ನಪಾಲ ಫೋನು ಜೇಬಿಗಿಟ್ಟ. ಅವನಿಗೂ ಊರಲ್ಲಿ ಒಬ್ಬಳು ಅಮ್ಮ ಇದ್ದಳು. ಆದರೂ ಬೈದ. "ಕಷ್ಟದಲ್ಲಿರೋರನ್ನ ಕಂಡರೆ ಬಿಟ್ಟು ಹೋಗಬಾರದು ಕಣೋ! ಕೇಳಬೇಡ, ಯೋಚಿಸಬೇಡ, ಓಡಿಹೋಗಿ ಎತ್ತು!"

"ಹೂಂ ಎಲ್ಡರ್! ಇನ್ಮೇಲೆ ಹಾಗೇ ಮಾಡ್ತೀನಿ!"

ಭಾನುವಾರ ಬಂತು. ಸಭೆ ನಡೆಯುವುದು ಎಲ್ಡರುಗಳ ಕೋಣೆಯಿದ್ದ ಬೀದಿಯಲ್ಲೇ, ಒಂದು ಬಾಡಿಗೆ ಮನೆಯಲ್ಲಿ. ಸಭೆಯ ಇಮ್ಮಾನುವೇಲಪ್ಪನ ಮಗಳು ಕೆಜಿಯಾಳಿಗೆ ಎಂಟು ತುಂಬಿತ್ತು. ಅವರಲ್ಲಿ ದೀಕ್ಷಾಸ್ನಾನ ಆ ವಯಸ್ಸಿಗೆ. ತೊಟ್ಟಿಯಲ್ಲಿ ನಿಂತು ಪೂರಾ ಮುಳುಗಬೇಕು. ಒಂದು ಬೆರಳು ಮೇಲೆ ಉಳಿದರೂ ಮತ್ತೆ ಮೊದಲಿಂದ. ಹುಡುಗಿಗೆ ನೀರೆಂದರೆ ಪ್ರಾಣಭಯ. "ನಾ ಒಲ್ಲೆ! ನಾ ಒಲ್ಲೆ!" ಅಂತ ಹಿಂದಿನ ತಿಂಗಳೆಲ್ಲ ಅತ್ತು ಎರಡು ಸಲ ಮುಂದೂಡಿಸಿದ್ದಳು. ಈಗಲೂ ನಡುಗುತ್ತಲೇ ಇಳಿದಳು. ರತ್ನಪಾಲ ಕೈ ಎತ್ತಿ ಪ್ರಾರ್ಥನೆ ಹೇಳಿ ಮುಳುಗಿಸಿದ. ಪುಟ್ಟ ಕೈಕಾಲು ಪಟಪಟ ಬಡಿದವು.

ಕಷ್ಟದಲ್ಲಿದ್ದಾಳೆ!

ಜಕ್ಕಯ್ಯ ಕೇಳಲಿಲ್ಲ, ಯೋಚಿಸಲಿಲ್ಲ. ಟೈ ಸಮೇತ, ಬೂಟು ಸಮೇತ ದುಡುಂ ಅಂತ ಹಾರಿದ. ಹುಡುಗಿಯನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. "ಸಿಕ್ಕಿದ್ಳು ಎಲ್ಡರ್!"

ತೊಟ್ಟಿಯ ಅರ್ಧ ನೀರು ಅಧ್ಯಕ್ಷರ ಪ್ಯಾಂಟಿನ ಮೇಲಿತ್ತು.

"ಲೋ!" ಅಂದ ರತ್ನಪಾಲ. "ಮೇಲೆ ಹೋಗಿ ಕಣ್ಣು ಮುಚ್ಕೊಂಡು ನಿಂತ್ಕೋ!"

ಕಣ್ಣು ಮುಚ್ಚಿ ನಿಂತ. ಮತ್ತೆ ನೀರು ತುಂಬಿಸಿದರು. ಹುಡುಗಿ ಮತ್ತೆ ಮುಳುಗಿದಳು, ಎದ್ದಳು. "ಸಾಕ್ಷಿಗಳೇ, ಪೂರಾ ಮುಳುಗಿದಳೇನಪ್ಪಾ?" ಅಂತ ಅಧ್ಯಕ್ಷರು ಕೇಳಿದರು. ಸಾಕ್ಷಿಗಳಲ್ಲಿ ಜಕ್ಕಯ್ಯನೂ ಒಬ್ಬ.

"ಗೊತ್ತಿಲ್ಲ ಸರ್, ಕಣ್ಣು ಮುಚ್ಕೊಂಡಿದ್ದೆ!"

ಕೆಜಿಯಾ ಕಿಲಕಿಲ ನಕ್ಕಳು. ಮೂಗಲ್ಲಿ ನೀರು, ಬಾಯಲ್ಲಿ ನಗು. "ಅಪ್ಪಾ, ಇನ್ನೊಮ್ಮೆ ಮುಳುಗ್ತೀನಿ! ಎತ್ತಾಕ ಆ ಅಣ್ಣ ಅದಾನಲ್ಲ!" ಅಂದಳು. ಅಂದವಳೇ, ಯಾರೂ ಹೇಳುವ ಮೊದಲೇ ನೀರಲ್ಲಿ ಮೂಗು ಹಿಡಿದು ನಿಂತಳು.

ರತ್ನಪಾಲನಿಗೆ ಏನಾಯಿತೋ, ನಗು ತಡೆಯಲಾಗಲಿಲ್ಲ. ಸೇವೆಗೆ ಬಂದಾಗಿನಿಂದ ನಗದವನು ತೊಟ್ಟಿಯ ಅಂಚು ಹಿಡಿದುಕೊಂಡು ನಕ್ಕ.

ಎಲ್ಲ ಮುಗಿದ ಮೇಲೆ ಅಧ್ಯಕ್ಷರು ಹೊರಗೆ ಬಂದರು. ಎಲ್ಡರುಗಳಿಬ್ಬರೂ ಬೀದಿಯ ನಡುವೆ ನಿಂತಿದ್ದ ಕಾರಿನ ತನಕ ಹೋದರು. "ಈಗ ಹೇಳಪ್ಪ, ಇವನನ್ನ ಕರ್ಕೊಂಡು ಹೋಗಲಾ?" ಅಂತ ಅಧ್ಯಕ್ಷರು ರತ್ನಪಾಲನನ್ನು ಕೇಳಿದರು.

"ಬೇಡ ಸರ್" ಅಂದ ರತ್ನಪಾಲ. ಬಾಯಿಂದ ಬಂದದ್ದು ಕೇಳಿ ಅವನಿಗೇ ಆಶ್ಚರ್ಯ. "ಇವನು ನನ್ನ ಜತೆಗಾರ."

ಅಧ್ಯಕ್ಷರು ಜಕ್ಕಯ್ಯನ ಒದ್ದೆ ಹೆಗಲು ತಟ್ಟಿದರು. "ಸರಿ. ನೀನು ಎಲ್ಲಿಗೂ ಹೋಗಬೇಡ. ಇಲ್ಲೇ ಇರು."

ಕಾರು ಹೋಯಿತು. ಅಧ್ಯಕ್ಷರು ಹೋದರು. ಸಭೆಯವರೂ ಹೋದರು. ಜಕ್ಕಯ್ಯ ಹೋಗಲಿಲ್ಲ.

"ಬಾರೋ, ಅಂಗಿ ಬದಲಾಯಿಸೋಣ" ಅಂದ ರತ್ನಪಾಲ.

"ಎಲ್ಲಿಗೂ ಹೋಗಬೇಡ ಅಂದಿದ್ದಾರೆ ಎಲ್ಡರ್. ಇಲ್ಲೇ ಇರು ಅಂದಿದ್ದಾರೆ."

ಹಿಂದೆ ಬಸ್ಸು ಬಂದು ನಿಂತು ಪೋಂ ಪೋಂ ಅಂದಿತು. ಜತೆಗಾರನನ್ನು ಬಿಟ್ಟು ಹೋಗುವಂತಿಲ್ಲ. ರತ್ನಪಾಲನೂ ಪಕ್ಕದಲ್ಲಿ ನಿಂತ. ಅಧ್ಯಕ್ಷರಿಗೆ ಫೋನ್ ಹಚ್ಚಿದ, ಅವರು ಎತ್ತಲಿಲ್ಲ. ಅಷ್ಟರಲ್ಲಿ ನೀಲವ್ವ ಕೈಯಲ್ಲಿ ಚೊಂಬು ಹಿಡಿದು ಬಂದಳು. "ಅಯ್ಯ, ತೋಯಿಸ್ಕೊಂಡು ನಡು ಬೀದ್ಯಾಗ ನಿಂತೀರಲ್ಲೋ ಹುಚ್ಚಮುಂಡೇವಾ! ತೊಗೋರಿ, ಮಜ್ಜಿಗಿ!"

ಜಕ್ಕಯ್ಯ ಎರಡೂ ಕೈ ಚಾಚಿದ. "ತುಂಬಾ ಚೆನ್ನಾಗಿದೆ ಅಜ್ಜಿ! ಇನ್ನೊಂದು ಸ್ವಲ್ಪ ಕೊಡಿ!" ಆಮೇಲೆ ರತ್ನಪಾಲನ ಫೋನು ಇಸಕೊಂಡು ಊರಿಗೆ ಮಾಡಿದ.

"ಅಮ್ಮಾ! ಅಧ್ಯಕ್ಷರೇ ಬಂದಿದ್ದರು. ಎಲ್ಲಿಗೂ ಹೋಗಬೇಡ, ಇಲ್ಲೇ ಇರು ಅಂದರು!"

ಆ ಕಡೆ ರೆಬೆಕ್ಕಮ್ಮ ಫೋನು ಹಿಡಿದುಕೊಂಡೇ ಬೀದಿಗೆ ಓಡಿದಳು. "ಸಲೋಮೀ! ಏ ಸಲೋಮೀ! ಕೇಳಿದೆಯೇನೇ? ನನ್ನ ಮಗನನ್ನ ಅವರು ಬಿಡೋದೇ ಇಲ್ವಂತೆ ಕಣೇ!"

ಈ ಕಡೆ ಬಸ್ಸಿನ ಹಿಂದೆ ಇನ್ನೊಂದು ಬಸ್ಸು ಬಂದು ನಿಂತಿತು.